ಒಂದು ಊರಿಗೆ ಒಂದೇ ಹಾಡು

ಮಸ್ಕಿಯ ಹಾಜಿರಾಬೀ ಹಾಡು ಕಟ್ಟಿದವಳಲ್ಲ, ನಾಲ್ಕು ಜನರ ಮುಂದೆ ನಿಂತು ಹಾಡಿದವಳೂ ಅಲ್ಲ, ಅಕ್ಷರವಂತೂ ಒಂದೂ ಬರುತ್ತಿರಲಿಲ್ಲ. ಆದರೂ ನಿಜಾಮರ ಕಾಲದಲ್ಲಿ, ಆ ಕಡೆ ಲಿಂಗಸುಗೂರಿನಿಂದ ಈ ಕಡೆ ಸಿಂಧನೂರಿನ ತನಕ, ಹೊಸ ಮೊಹರಂ ಹಾಡು ಬೇಕಾದವರೆಲ್ಲ ಬಂದು ನಿಲ್ಲುತ್ತಿದ್ದದ್ದು ಅವಳ ಮನೆ ಮುಂದೆಯೇ, ಕೊಡುವುದೋ ಬಿಡುವುದೋ ಅಂತ ಹೇಳುತ್ತಿದ್ದದ್ದೂ ಅವಳೇ.

ಕಟ್ಟುತ್ತಿದ್ದವನು ಅವಳ ಗಂಡ ಮಲೀಕಸಾಬ. ಪಿಂಜಾರರವನು, ಅರಳೆ ಹಿಂಜಿ ಗಾದಿ ತುಂಬುವುದು ಅವನ ಕಸುಬು. ಹಿಂಜುವ ಬಿಲ್ಲಿನ ತಂತಿ ಟಂಯ್ ಟಂಯ್ ಅನ್ನುತ್ತಿದ್ದ ಹಾಗೇ ಅದೇ ಲಯಕ್ಕೆ ಅವನ ಬಾಯಲ್ಲಿ ಹಾಡು ಹುಟ್ಟುತ್ತಿತ್ತು, ಎಂಥ ಹಾಡು ಅಂದರೆ ಗಾದಿ ಒಯ್ಯಲು ಬಂದವರು ಗಾದಿ ಮರೆತು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ತೊಂದರೆ ಒಂದೇ. ಸಂಜೆ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಗಡ್ಡಕ್ಕೆ ಹತ್ತಿದ ಅರಳೆ ಝಾಡಿಸಿಕೊಳ್ಳುವ ಹೊತ್ತಿಗೆ ಅವನಿಗೆ ಆ ಹಾಡು ಪೂರ್ತಿ ಮರೆತು ಹೋಗಿರುತ್ತಿತ್ತು. ಮರೆಯದವಳು ಹಾಜಿರಾಬೀ. ಒಳಗೆ ರೊಟ್ಟಿ ತಟ್ಟುತ್ತ ಒಂದು ಸಲ ಕೇಳಿದರೆ ಸಾಕು, ನುಡಿ, ಧಾಟಿ, ಎಲ್ಲಿ ಉಸಿರು ಎಳೆಯಬೇಕು ಅನ್ನುವುದು ಸಮೇತ ಅವಳ ತಲೆಯಲ್ಲಿ ಕೂತುಬಿಡುತ್ತಿತ್ತು. ಯಾರಿಗಾದರೂ ಹೇಳಿಕೊಡುವಾಗ ಅವಳು ಒಳಗೆ ಅವನಿಗೆ ನೆನಪು ಮಾಡಿಕೊಡುತ್ತಿದ್ದಳು, ಹೊರಗೆ ದನಿ ಅವನದೇ. ಅವನು ಕಟ್ಟುವವನು, ಅವಳು ಇಟ್ಟುಕೊಳ್ಳುವವಳು.

ಮೊಹರಂ ಅಂದರೆ ಆ ಸೀಮೆಯಲ್ಲಿ ಯಾರ ಹಬ್ಬ ಅಂತ ಬೇರೆ ಮಾಡಲಿಕ್ಕೇ ಆಗದ ಹಬ್ಬ. ಪೀರಲ ದೇವರನ್ನು ಕೂಡಿಸಿ, ಕುಣಿ ತೋಡಿ ಬೆಂಕಿ ಹಾಕಿ, ಅದರ ಸುತ್ತ ಎಲ್ಲ ಜಾತಿಯ ಗಂಡಸರೂ ಕೂಡಿ ಹೆಜ್ಜೆ ಹಾಕುತ್ತ, ಕರ್ಬಲದ ಮರಳಲ್ಲಿ ನೀರಿಲ್ಲದೆ ಬಳಲಿದ ಮಕ್ಕಳ ಕಥೆಯನ್ನು ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಪ್ರತಿ ಊರಿನ ಮೇಳಕ್ಕೂ ಪಕ್ಕದ ಊರಿನವರು ಕೇಳಿರದ ಹೊಸ ಹಾಡೇ ಬೇಕು. ಮದುವೆಯಾದ ಹೊಸದರಲ್ಲಿ ಮಲೀಕಸಾಬ ಯಾರು ಕೇಳಿದರೂ ಹೇಳಿಕೊಟ್ಟುಬಿಡುತ್ತಿದ್ದ. ಹಾಗಾಗಿ ಒಂದು ವರ್ಷ ಲಿಂಗಸುಗೂರಿನಲ್ಲಿ ಎರಡು ಊರಿನ ಮೇಳಗಳು ಎದುರುಬದುರು ನಿಂತು ಒಂದೇ ಹಾಡು ಎತ್ತಿಕೊಂಡು, ನೀವು ಕದ್ದಿರಿ ಅಂದರೆ ನೀವು ಕದ್ದಿರಿ ಅಂತ ಬಡಿದಾಡಿ, ಕೊನೆಗೆ ಎರಡೂ ಊರಿನವರು ಕೂಡಿ ಬೈದದ್ದು ಮಲೀಕಸಾಬನಿಗೆ. ಅವನು ತಲೆ ಕೆಳಗೆ ಹಾಕಿ ಮನೆಗೆ ಬಂದ. ಹಾಜಿರಾಬೀ ಅವನಿಗೆ ಉಣ್ಣಲಿಕ್ಕೆ ಇಟ್ಟು ಕಾನೂನು ಹೇಳಿದಳು. ಒಂದು ಊರಿಗೆ ಒಂದೇ ಹಾಡು. ಒಂದು ಊರಿಗೆ ಕೊಟ್ಟದ್ದು ಇನ್ನೊಂದು ಊರಿಗೆ ಇಲ್ಲ. ಕೊಟ್ಟ ಮೇಲೆ ಅದು ಆ ಊರಿನ ಸೊತ್ತು; ಈ ಮನೆಯಲ್ಲಿ ಯಾರೂ ಅದನ್ನು ಹಾಡುವಂತಿಲ್ಲ, ಗುನುಗುವಂತೆಯೂ ಇಲ್ಲ, ಕಟ್ಟಿದವನೂ ಸೇರಿ.

ಎಂಥ ತಲೆ ನೋಡಿ ಅವಳದು. ಈಗ ಅದಕ್ಕೆ ಬಿಸಿನೆಸ್ ಅನ್ನುತ್ತೇವೆ, ಅವಳಿಗೆ ಆ ಪದವೇ ಗೊತ್ತಿರಲಿಲ್ಲ. ರಂಜಾನ್ ಮುಗಿದ ಮೇಲೆ ಊರೂರಿನ ಮೇಳದ ಹಿರಿಯರು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಬರುತ್ತಿದ್ದರು. ಕಾಯಿ ತೆಗೆದುಕೊಂಡಳೋ, ಹಾಡು ಕೊಡುತ್ತೇನೆ ಅಂತ ಮಾತು ಕೊಟ್ಟಂತೆ. ಕಾಯಿಗಳೆಲ್ಲ ಗೋಡೆಯ ಮಾಡಿನಲ್ಲಿ ಸಾಲಾಗಿ ಕೂರುತ್ತಿದ್ದವು. ಬಕ್ರೀದ್ ಆದ ಮೇಲೆ ಮೇಳದವರು ಬಂದು, ಬಾಗಿಲು ಹಾಕಿದ ಅಂಗಳದಲ್ಲಿ ಕೂತು ಹಾಡು ಕಲಿತು, ಜೋಳವೋ ಬಟ್ಟೆಯೋ ಕೊಟ್ಟು, ಆಮೇಲೆ ತಮ್ಮ ಕಾಯಿ ಒಡೆಯುತ್ತಿದ್ದರು. ಹಾಡು ಕೊಡಲಾಗದಿದ್ದರೆ ಕಾಯಿ ಇದ್ದ ಹಾಗೇ ವಾಪಸ್, ಯಾರಿಗೂ ಮುನಿಸಿಲ್ಲ. ವರ್ಷದ ಬೋಣಿಯ ಕಾಯಿಗೆ ಮಾತ್ರ ಬೇರೆ ರೀತಿ. ಮೊದಲು ಬಂದವರ ಕಾಯಿಯನ್ನು ಅಲ್ಲೇ ಒಡೆದು ಮನೆಯವರೂ ಬಂದವರೂ ತಿನ್ನುವುದು. ತಿಂದಮೇಲೆ ಅದನ್ನು ವಾಪಸ್ ಕೊಡುವುದು ಹೇಗೆ? ಹಾಗಾಗಿ ಬೋಣಿಯವರಿಗೆ ಹಾಡು ಕೊಡಲೇಬೇಕು. ಆ ಬೋಣಿ ಪ್ರತಿ ವರ್ಷ ಸಿಂಧನೂರಿನ ಆದೆಪ್ಪನದು. ಅವನು ಅಲ್ಲಿನ ಮೇಳದ ಹಿರಿಯ, ಹಾಜಿರಾಬೀಯನ್ನು ಅಕ್ಕಾ ಅನ್ನುತ್ತಿದ್ದ.

ಜಾಗೀರದಾರರ ಮನೆಯವರು ಒಮ್ಮೆ ಹೇಳಿಕಳಿಸಿದ್ದರು, ಮಲೀಕಸಾಬ ನಮ್ಮ ದೇವಡಿ ಮನೆಗೆ ಬಂದು ಇರಲಿ, ವರ್ಷದ ಕಾಳುಕಡಿ ನಾವು ನೋಡಿಕೊಳ್ಳುತ್ತೇವೆ ಅಂತ. ಮಲೀಕಸಾಬನಿಗೆ ಒಳಗೊಳಗೇ ಆಸೆ. ಅವರ ಅಂಗಳದಲ್ಲಿ ಕೂತರೆ ಅವರು ಆಕಳಿಸಿದಾಗ ನಿಲ್ಲಿಸಬೇಕಾಗುತ್ತದೆ ಅಂದಳು ಹಾಜಿರಾಬೀ, ಮಾತು ಅಲ್ಲಿಗೇ ಮುಗಿಯಿತು. ಲಿಂಗಸುಗೂರಿನ ಅಂಬಪ್ಪ ಅನ್ನುವವನು ಇನ್ನೂ ಜಾಣ. ಕಾಯಿ ತರದೆ, ಹಳೆಯ ಗಾದಿ ಹೊತ್ತು ಬಂದು, ಹಿಂಜುವುದನ್ನು ನೋಡುವ ನೆವದಲ್ಲಿ ಮೂಲೆಯಲ್ಲಿ ಕೂತು ಹಾಡು ಕೇಳಿಸಿಕೊಳ್ಳುತ್ತಿದ್ದ. ಮರುದಿನವೂ ಬಂದ. ಹಾಜಿರಾಬೀ ಬಾಗಿಲ ಪರದೆಯ ಹಿಂದಿನಿಂದಲೇ ಕೇಳಿದಳು.

“ಅಂಬಪ್ಪಣ್ಣ, ನಿಮ್ಮ ಗಾದಿ ನಿನ್ನೆನ ತುಂಬೈತಿ. ಇನ್ನ ಕಿವಿ ತುಂಬೂದು ಬಾಕಿ ಉಳದೈತೇನು?”

ಅಂಬಪ್ಪ ನಕ್ಕು, ಗಾದಿ ಹೊತ್ತು ಹೋದವನು ಮುಂದಿನ ವರ್ಷ ಕಾಯಿ ಹಿಡಿದೇ ಬಂದ.

ಅವಳ ಕಾನೂನಿಗೆ ನಿಜವಾದ ಕಾಟ ಕೊಡುತ್ತಿದ್ದವಳು ಮಗಳು ಚಾಂದ್‌ಬೀ. ಒಬ್ಬಳೇ ಮಗಳು. ಅಪ್ಪನ ಗಂಟಲು, ಅವ್ವನ ನೆನಪು, ಎರಡೂ ಬಂದಿದ್ದವು. ಎಲ್ಲಿ ಕೂತರೂ ಗುನುಗು. ಒಂದು ವರ್ಷ ಬಾವಿಯ ಹತ್ತಿರ, ಮುದಗಲ್ಲಿನವರಿಗೆ ಕೊಟ್ಟಾಗಿದ್ದ ಹಾಡನ್ನು ಹಾಡಿಬಿಟ್ಟಳು, ಮಸ್ಕಿಯ ಹುಡುಗರು ಕಲಿತುಬಿಟ್ಟರು. ಹಾಜಿರಾಬೀ ಮುದಗಲ್ಲಿಗೆ ತಾನೇ ಹೇಳಿಕಳಿಸಿ, ತಪ್ಪಾಯಿತು ಅಂತ ಇನ್ನೊಂದು ಹಾಡು ಪುಕ್ಕಟೆ ಕೊಟ್ಟಳು. ಆಮೇಲೆ ಮಗಳ ಕೆನ್ನೆಗೆ ಒಂದು ಕೊಟ್ಟಳು. ಹುಡುಗಿ ಅಳುವುದು ಮುಗಿಸಿ ಕೇಳಿತು, “ಬಾಯಿ ಮುಚ್ಚಿ ಮೂಗಿನಾಗ ಹಾಡಿದ್ರ ನಡೀತೈತೇನವ್ವಾ?” ಮಲೀಕಸಾಬ ನಗು ತಡೆಯಲಾಗದೆ ಬಿಲ್ಲು ಜೋರಾಗಿ ಬಡಿದ. ಹಾಜಿರಾಬೀ ನಗಲಿಲ್ಲ. ಒಮ್ಮೆ ಸಡಿಲ ಬಿಟ್ಟರೆ ಮುಗಿಯಿತು ಅನ್ನುವುದು ಅವಳ ನಂಬಿಕೆ.

ಆ ವರ್ಷ ರಂಜಾನ್ ಮುಗಿದು, ಆದೆಪ್ಪ ಬೋಣಿಯ ಕಾಯಿ ತಂದು, ಅದನ್ನು ಒಡೆದು ಎಲ್ಲರೂ ತಿಂದರು. ಬೇರೆ ಊರಿನ ಕಾಯಿಗಳೂ ಬಂದು ಮಾಡಿನಲ್ಲಿ ಕೂತವು. ಅಷ್ಟರಲ್ಲಿ ಚಾಂದ್‌ಬೀಗೆ ಜ್ವರ ಬಂತು, ಬಂದದ್ದು ಇಳಿಯಲೇ ಇಲ್ಲ. ಹಕೀಮರು ನಾಡಿ ಹಿಡಿದು ನೋಡಿ, ಪುಡಿ ಕೊಟ್ಟು, ಜ್ವರ ಬಿಡುವ ತನಕ ಒಂದು ಹನಿ ನೀರೂ ಕುಡಿಸಬಾರದು ಅಂದು ಹೋದರು. ಊರಲ್ಲಿ ಯಾರಿಗೆ ಜ್ವರ ಬಂದರೂ ಆಗ ಅದೇ ಪಥ್ಯ, ಹಾಜಿರಾಬೀಗೆ ಅದರಲ್ಲಿ ಅನುಮಾನ ಬರಲು ಕಾರಣವೇ ಇರಲಿಲ್ಲ. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತ ಕೂತಳು. ಹುಡುಗಿ ಆ ಬಟ್ಟೆಯನ್ನೇ ಚೀಪತೊಡಗಿದಾಗ ಅದನ್ನೂ ಕಸಿದಿಟ್ಟಳು. ಪಕ್ಕದ ಮನೆಯ ಗದ್ದೆಮ್ಮ ಬಂದವಳು, ಒಂದು ಗುಟುಕು ಕೊಡು ತಂಗಿ, ಕೂಸಿನ ನಾಲಿಗೆ ಒಣಗಿ ಕಟಿಗಿ ಆಗೈತಿ ಅಂತ ಬೇಡಿಕೊಂಡಳು. ಹಾಜಿರಾಬೀ ಆಗಲ್ಲ ಅಂದಳು. ನಡು ಮಧ್ಯಾಹ್ನ, ಹೊರಗೆ ಬಿಸಿಲು ಸುರಿಯುತ್ತಿತ್ತು. ಚಾಂದ್‌ಬೀ ಅವ್ವಾ ನೀರು, ಅವ್ವಾ ನೀರು ಅನ್ನುತ್ತಲೇ ಇದ್ದಳು. ಅವಳ ಕಣ್ಣನ್ನು ನೋಡಿದರೆ ತನ್ನ ಕೈ ತಾನಾಗಿ ಕೊಡಕ್ಕೆ ಹೋಗಿಬಿಡುತ್ತದೆ ಅನ್ನಿಸಿ ಹಾಜಿರಾಬೀ ಗೋಡೆಯ ಕಡೆ ತಿರುಗಿ ಕೂತಳು. ಸ್ವಲ್ಪ ಹೊತ್ತಿಗೆ ಕೇಳುವುದು ನಿಂತಿತು. ನಿದ್ದೆ ಹತ್ತಿತು ಅಂದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಮಲೀಕಸಾಬ ಒಳಗೆ ಬಂದು ಮಗಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ ಮೇಲೇ ಅವಳಿಗೆ ಗೊತ್ತಾದದ್ದು.

ನಲವತ್ತನೆಯ ದಿನದ ಫಾತಿಹಾ ಮುಗಿಯುವ ತನಕ ಮನೆಯಲ್ಲಿ ಬಿಲ್ಲಿನ ಸದ್ದಿರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಮಲೀಕಸಾಬ ಬಿಲ್ಲು ಇಳಿಸಿ ಕೂತ. ಟಂಯ್ ಟಂಯ್ ಶುರುವಾಯಿತು, ಜೊತೆಗೆ ಹಾಡೂ ಬಂತು, ಒಲೆಯ ಮುಂದಿದ್ದ ಹಾಜಿರಾಬೀಯ ಕೈ ಹಿಟ್ಟಿನಲ್ಲೇ ನಿಂತಿತು.

ಕರ್ಬಲದ ಬಿಸಿಲಾಗ ಕೂಸು ನೀರ ಬೇಡೈತಿ,
ಹಡದವ್ವ ಗ್ವಾಡಿಗಿ ಮಾರಿ ಮಾಡ್ಯಾಳ.
ತುಂಬಿದ ಕೊಡ ಮನಿಯಾಗ ತುಂಬೇ ಉಳದೈತಿ,
ಒಣಗಿದ ತುಟಿ ಒಣಗೇ ಮಲಗ್ಯಾವ.

ಅವನು ಅದುವರೆಗೆ ಕಟ್ಟಿದ್ದರಲ್ಲೆಲ್ಲ ಅಷ್ಟು ಚಂದದ ಹಾಡು ಇರಲಿಲ್ಲ. ಅದು ಅವಳಿಗೆ ಗೊತ್ತಾಯಿತು. ಹಾಡಿನ ಬೆಲೆ ಕಟ್ಟುವುದು ಅವಳಿಗೆ ರೂಢಿಯಾಗಿತ್ತು, ಆ ಹೊತ್ತಿನಲ್ಲೂ ಅದು ತಪ್ಪಲಿಲ್ಲ. ಇನ್ನೊಂದು ವಿಚಿತ್ರ ಏನೆಂದರೆ ಈ ಹಾಡನ್ನು ಅವನು ಸಂಜೆಗೆ ಮರೆಯಲಿಲ್ಲ. ಮರುದಿನವೂ ಅದನ್ನೇ ಹಾಡಿದ, ಅದರ ಮರುದಿನವೂ. ದಿನಾ ಹಾಡುತ್ತಿದ್ದರಿಂದ ಮರೆಯಲಿಕ್ಕೆ ಅವನಿಗೆ ಪುರುಸೊತ್ತೇ ಸಿಗಲಿಲ್ಲ. ದಿನಾ ಅವಳು ರೊಟ್ಟಿ ತಟ್ಟುತ್ತ ಅದನ್ನು ಕೇಳಬೇಕು. ಒಂದು ದಿನ ತಡೆಯಲಾಗದೆ ಹೊರಗೆ ಬಂದು ಕೇಳಿದಳು.

“ಆ ಅವ್ವ ಯಾರ್ರೀ?”

“ಕರ್ಬಲದಾಕಿ,” ಅಂದ ಮಲೀಕಸಾಬ, ಅವಳ ಮುಖ ನೋಡದೆ.

ಬಕ್ರೀದ್ ಮುಗಿಯಿತು. ಹಾಜಿರಾಬೀ ಮಾಡಿನಲ್ಲಿದ್ದ ಕಾಯಿಗಳನ್ನು ಇಳಿಸಿ, ಈ ವರ್ಷ ಹಾಡಿಲ್ಲ ಅಂತ ಹೇಳಿ ಊರೂರಿಗೆ ವಾಪಸ್ ಕಳಿಸಿದಳು. ಯಾರೂ ಏನೂ ಅನ್ನಲಿಲ್ಲ. ಆದೆಪ್ಪ ಮೇಳದವರೊಂದಿಗೆ ತಾನೇ ಬಂದ, ಹಾಡಿಗಲ್ಲ, ಮಾತಾಡಿಸಿಕೊಂಡು ಹೋಗಲು. ಅಂಗಳದಲ್ಲಿ ಕೂತು ಟವಲಿನಿಂದ ಕಣ್ಣೊರೆಸಿಕೊಂಡು, ಈ ಸಲ ನಾವು ಹಳೇ ಹಾಡನ್ನೇ ಹಾಡಿಕೊಳ್ಳುತ್ತೇವೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದ.

“ಕಾಯಿ ಒಡದೀವಿ, ಆದೆಪ್ಪಣ್ಣ,” ಅಂದಳು ಹಾಜಿರಾಬೀ ಪರದೆಯ ಹಿಂದಿನಿಂದ. “ತಿಂದೀವಿ. ನಿಮ್ಮ ಊರಿನ ಹಾಡು ಐತಿ, ಕಲತುಗೊಂಡು ಹೋಗ್ರಿ.”

ಮಲೀಕಸಾಬ ಬಿಲ್ಲಿನಿಂದ ತಲೆಯೆತ್ತಿದ. “ಅದು ಕೊಡೂ ಹಾಡಲ್ಲ.”

“ಬ್ಯಾರೆ ಯಾವುದು ಕಟ್ಟೀರಿ?”

ಅವನು ಕಟ್ಟಿರಲಿಲ್ಲ. ಆದೆಪ್ಪ ಇಬ್ಬರ ಕಡೆಯೂ ನೋಡಿ, ಬೇಡ ಅಕ್ಕಾ, ಇರಲಿ ಬಿಡ್ರಿ ಅಂದ. ಅವಳು ಬಿಡಲಿಲ್ಲ. ಮಾತು ಅಂದರೆ ಮಾತು, ಬೋಣಿ ಅಂದರೆ ಬೋಣಿ, ಇಷ್ಟು ವರ್ಷ ಈ ಮನೆ ನಿಂತಿದ್ದೇ ಇದರ ಮೇಲೆ ಅಂತ ಹೇಳುತ್ತ ಹೋದಳು. ಹೇಳಿದ್ದೆಲ್ಲ ಖರೆ. ಹೇಳದೆ ಉಳಿದದ್ದೂ ಒಂದಿತ್ತು, ಅದು ಅವಳಿಗೇ ಗೊತ್ತಿತ್ತು: ಒಮ್ಮೆ ಕೊಟ್ಟುಬಿಟ್ಟರೆ ಆ ಹಾಡು ಮತ್ತೆ ಈ ಮನೆಯಲ್ಲಿ ಏಳುವಂತಿಲ್ಲ. ದಿನಾ ಬೆಳಿಗ್ಗೆ ಗೋಡೆಗೆ ಮುಖ ಮಾಡಿದ ಆ ಅವ್ವನನ್ನು ಕೇಳುವುದು ತಪ್ಪುತ್ತದೆ.

ಮಲೀಕಸಾಬ ಎದ್ದು ಬಿಲ್ಲನ್ನು ತೂಗುಹಾಕಿ ಹೊರಗೆ ನಡೆದುಬಿಟ್ಟ. ಹೇಳಿಕೊಡುವವರು ಯಾರು? ಅದುವರೆಗೆ ಯಾವ ಪರಗಂಡಸಿನ ಮುಂದೆಯೂ ಹಾಡಲು ದನಿ ಎತ್ತಿರದ ಹಾಜಿರಾಬೀ ಪರದೆಯ ಹಿಂದೆ ಕೂತು, ಒಂದೊಂದು ನುಡಿಯನ್ನೂ ಬಿಡಿಸಿ ಬಿಡಿಸಿ ತಾನೇ ಹೇಳಿಕೊಟ್ಟಳು. ಗ್ವಾಡಿಗಿ ಮಾರಿ ಮಾಡ್ಯಾಳ ಅನ್ನುವ ಸಾಲನ್ನೂ ಬಿಡಲಿಲ್ಲ, ಒಂದು ಅಕ್ಷರವನ್ನೂ ಬದಲು ಮಾಡಲಿಲ್ಲ. ಅಂಗಳದಲ್ಲಿ ಆ ಗಂಡಸರು ಅದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡಿ ಗಟ್ಟಿ ಮಾಡಿಕೊಳ್ಳುತ್ತಿದ್ದರೆ ಅವಳು ಮಂಡಿ ತಬ್ಬಿಕೊಂಡು ಕೂತಿದ್ದಳು. ಸಂಜೆ ಮಲೀಕಸಾಬ ಬಂದಾಗ, ಕೊಟ್ಟಾಯಿತು ಅಂದಳು. ಅವನು ಹೂಂ ಅಂದ. ಮರುದಿನ ಬಿಲ್ಲು ಮಾತ್ರ ಟಂಯ್ ಅಂದಿತು.

ಆ ಮೊಹರಂನಲ್ಲಿ ಸಿಂಧನೂರು ಅತ್ತದ್ದನ್ನು ಜನ ಬಹಳ ದಿನ ಹೇಳಿಕೊಂಡರು. ಹೆಜ್ಜೆ ಹಾಕುವವರೇ ಅಳುತ್ತ ಹೆಜ್ಜೆ ತಪ್ಪಿದರಂತೆ. ಒಂದೆರಡು ವರ್ಷದಲ್ಲಿ ಹಾಡು ಸಿಂಧನೂರಿನವರ ಕೈಯಲ್ಲೂ ನಿಲ್ಲಲಿಲ್ಲ. ಹತ್ತಿ ಬಿಡಿಸುವ ಹೊಲದಲ್ಲಿ, ಬೀಸುವ ಕಲ್ಲಿನ ಮುಂದೆ, ರಾಯಚೂರಿಗೆ ಹೋಗುವ ಬಂಡಿಗಳ ಮೇಲೆ, ಎಲ್ಲಿ ನೋಡಿದರೂ ಅದೇ. ಹಾಡದೆ ಉಳಿದ ಮನೆ ಒಂದೇ. ಯಾರಾದರೂ ಬೀದಿಯಲ್ಲಿ ಹಾಡುತ್ತ ಬಂದರೆ ಗದ್ದೆಮ್ಮ ಓಡಿಹೋಗಿ, ಈ ಮನೆ ದಾಟುವ ತನಕ ಸುಮ್ಮನಿರಿ ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಮುಂದಿನ ರಂಜಾನ್ ಆದ ಮೇಲೂ ಕಾಯಿಗಳು ಬಂದವು. ಹಾಜಿರಾಬೀ ಬೋಣಿಯ ಕಾಯಿಯನ್ನೂ ಒಡೆಯದೆ ಇಟ್ಟು ಕಾದಳು. ಮಲೀಕಸಾಬನ ಬಾಯಲ್ಲಿ ಹಾಡು ಹುಟ್ಟಲಿಲ್ಲ. ಕಾಯಿಗಳು ಮಾಡಿನಲ್ಲೇ ಒಣಗಿ ಗಿಟುಕಾಗಿ, ಒಳಗೆ ಗಡಗಡ ಅನ್ನುವಾಗ ವಾಪಸ್ ಹೋದವು. ಅದರ ಮುಂದಿನ ವರ್ಷ ಕಡಿಮೆ ಬಂದವು, ಆಮೇಲೆ ಬರುವುದೇ ನಿಂತಿತು. ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ ವ್ಯಾಪಾರ, ಜಾಗೀರದಾರರಿಗೂ ಬಗ್ಗದೆ ನಿಂತದ್ದು, ಸದ್ದಿಲ್ಲದೆ ಮುಗಿದುಹೋಯಿತು. ಗಾದಿ ತುಂಬುವುದರಲ್ಲೇ ಇಬ್ಬರ ಹೊಟ್ಟೆ ನಡೆಯಿತು.

ಒಂದು ದಿನ ಉಣ್ಣುತ್ತ ಮಲೀಕಸಾಬ ಕೇಳಿದ, “ಅದು ಹೆಂಗ ಶುರು ಆಗ್ತಿತ್ತು?”

ಯಾವುದು ಅಂತ ಅವಳು ಕೇಳಲಿಲ್ಲ. ಅವನಿಗೆ ಮರೆತಿತ್ತು, ದಿನಾ ಹಾಡುವುದು ನಿಂತ ಮೇಲೆ ಎಲ್ಲ ಹಾಡುಗಳ ಹಾಗೆ ಅದೂ ಹೋಗಿತ್ತು. ಈ ಮಾತನ್ನು ಅವಳು ಯೋಚಿಸಿರಲೇ ಇಲ್ಲ. ಮಗಳದು ಅಂತ ಅವನ ಹತ್ತಿರ ಇದ್ದದ್ದು ಅದೊಂದೇ, ಈಗ ಅದು ಇವಳ ತಲೆಯಲ್ಲಿದೆ, ಊರವರ ಬಾಯಲ್ಲಿದೆ, ಅವನಲ್ಲಿ ಇಲ್ಲ.

“ಕೊಟ್ಟ ಹಾಡ್ರೀ ಅದು,” ಅಂದಳು.

“ಒಂದ ಸಲ ಅನ್ನು. ಮೆಲ್ಲಕ.”

“ನಾ ಅನ್ನಾಂಗಿಲ್ಲ.”

ಅವನು ಮತ್ತೆ ಕೇಳಲಿಲ್ಲ. ಆದರೆ ಆ ವರ್ಷ ಮೊಹರಂ ಚಂದ್ರ ಕಾಣುತ್ತಿದ್ದ ಹಾಗೇ ಬುತ್ತಿ ಕಟ್ಟಿಕೊಂಡು ಸಿಂಧನೂರಿನ ದಾರಿ ಹಿಡಿದ. ಆದೆಪ್ಪನ ಮನೆಯ ಪಡಸಾಲೆಯಲ್ಲಿ ಇಳಿದುಕೊಂಡು, ಹಬ್ಬ ಮುಗಿಯುವ ತನಕ ಮೇಳದ ಹಿಂದೆ ನಿಂತು ಕೇಳಿ, ತಿರುಗಿ ಬಂದ. ಮುಂದಿನ ವರ್ಷವೂ ಹೋದ. ವರ್ಷ ವರ್ಷ ಹೋದ. ತಾನು ಕಟ್ಟಿದ ಹಾಡನ್ನು ಕೇಳಲು ಅಷ್ಟು ದೂರ ನಡೆದು ಹೋಗುವ ಗಂಡನಿಗೆ ಹಾಜಿರಾಬೀ ಪ್ರತಿ ಸಲವೂ ರೊಟ್ಟಿ ಕಟ್ಟಿಕೊಟ್ಟಳು, ಬಾಗಿಲಲ್ಲಿ ನಿಂತು ಅವನು ಮರೆಯಾಗುವ ತನಕ ನೋಡಿದಳು, ಒಳಗೆ ಬಂದು ಆ ಹತ್ತು ದಿನ ಒಬ್ಬಳೇ ಇದ್ದಳು. ನೀನೂ ಬಾ ಅಂತ ಅವನು ಕರೆಯಲಿಲ್ಲ. ಕರೆದಿದ್ದರೂ ಆ ಸಾಲನ್ನು ಊರ ನಡುವೆ ನಿಂತು ಕೇಳುವ ಧೈರ್ಯ ಅವಳಿಗೆ ಇರಲಿಲ್ಲ.

ನಿಜಾಮರ ರಾಜ್ಯದ ಕೊನೆಕೊನೆಯ ವರ್ಷ. ಅರಳೆಯ ಧೂಳು ಎದೆಗೆ ಕೂತು ಮಲೀಕಸಾಬನಿಗೆ ಕೆಮ್ಮು ಹತ್ತಿತ್ತು, ನಾಲ್ಕು ಹೆಜ್ಜೆ ಹಾಕಿದರೆ ಉಸಿರು ಸಿಗುತ್ತಿರಲಿಲ್ಲ. ಮೊಹರಂ ಚಂದ್ರ ಕಂಡಿತು. ಮರುದಿನ ಅವನು ಎದ್ದು ಕೋಲು ಹಿಡಿದು ಅಂಗಳದ ತನಕ ಹೋದ, ಅಲ್ಲೇ ಕೂತ, ಒಳಗೆ ಬಂದು ಮಲಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದ, ಮತ್ತೆ ಅಲ್ಲಿಯ ತನಕವೇ. ಹಾಜಿರಾಬೀ ರೊಟ್ಟಿ ಕಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತು ಅವಳು ಬಾಗಿಲು ಮುಂದಕ್ಕೆ ಮಾಡಿ ಬಂದು ಅವನ ಹಾಸಿಗೆಯ ಹತ್ತಿರ ಕೂತಳು. ಎಂದೂ ಮುರಿಯದ ಕಾನೂನನ್ನು ಮುರಿಯುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಯಿತು. ಗಂಟಲು ಸರಿಮಾಡಿಕೊಂಡಳು, ಸೆರಗು ಸರಿಮಾಡಿಕೊಂಡಳು, ಆಮೇಲೆ ಹಾಡಿದಳು.

ಕರ್ಬಲದ ಬಿಸಿಲಾಗ ಕೂಸು ನೀರ ಬೇಡೈತಿ,
ಹಡದವ್ವ ಗ್ವಾಡಿಗಿ ಮಾರಿ ಮಾಡ್ಯಾಳ.

ಮಲೀಕಸಾಬ ಕಣ್ಣು ತೆರೆದು ಅವಳನ್ನು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಹಾಡಿನ ಗುರುತೂ ಇರಲಿಲ್ಲ. ಕೈಯೆತ್ತಿ ನಿಲ್ಲಿಸಿದ.

“ಹಂಗಲ್ಲ ಅದು.”

“ಹಂಗ ಐತ್ರಿ. ನೀವ ಕಟ್ಟಿದ್ದು.”

“ಕರ್ಬಲದ ಗುಡಾರದಾಗ ಗ್ವಾಡಿ ಎಲ್ಲಿಂದ ಬಂತು, ಹುಚ್ಚಿ?” ಕೆಮ್ಮು ಬಂತು, ಅದು ನಿಲ್ಲುವ ತನಕ ಅವಳು ಕಾದಳು. ಅವನು ನಿಧಾನಕ್ಕೆ ಬಿಡಿಸಿ ಹೇಳಿದ. ಸಿಂಧನೂರಿನ ಹೆಂಗಸರು ಮೊದಲ ವರ್ಷವೇ ಆದೆಪ್ಪನ ಮೇಳಕ್ಕೆ ಜಗಳ ತೆಗೆದಿದ್ದರಂತೆ, ಎಂಥ ತಾಯಿಯೂ ಹಾಗೆ ಮಾಡುವವಳಲ್ಲ, ಹಾಗೆ ಹಾಡಿದರೆ ನಾವು ಕೇಳುವುದಿಲ್ಲ ಅಂತ. ಆಮೇಲೆ ಅಲ್ಲಿ ಯಾರೂ ಹಾಗೆ ಹಾಡಿಲ್ಲ. ಅಷ್ಟು ಹೇಳಿ, ತನಗೆ ಬರುವುದನ್ನು ಹಾಡಿದ, ಒಡೆದ ದನಿಯಲ್ಲಿ, ಒಂದೂ ಅಕ್ಷರ ಮರೆಯದೆ.

ಹಡದವ್ವ ಕೊಡ ಹೊತ್ತು ಹೊಳಿಗೆ ಓಡ್ಯಾಳ,
ಹೊಳಿದಂಡಿ ವೈರಿ ತಡದಾನ.

ಹಾಜಿರಾಬೀ ಕೊನೆಯ ತನಕ ಕೇಳಿಸಿಕೊಂಡಳು. ಇಷ್ಟು ವರ್ಷ ಅವನು ಅಷ್ಟು ದೂರ ನಡೆದು ಹೋಗಿ ಕೇಳಿಕೊಂಡು ಬರುತ್ತಿದ್ದದ್ದು ಇದನ್ನು. ಅವನ ತಲೆಯಲ್ಲಿ ಈಗ ಇರುವವಳು ಈ ಅವ್ವ. ಗೋಡೆಯ ಕಡೆ ತಿರುಗಿದ ಇನ್ನೊಬ್ಬಳು ಅವನಿಗೆ ಮರೆತೇ ಹೋಗಿದ್ದಳು. ಅವಳು ಈಗ ಹಾಜಿರಾಬೀ ಒಬ್ಬಳ ಹತ್ತಿರ ಉಳಿದಿದ್ದಳು, ಇನ್ನು ಯಾರ ಹತ್ತಿರವೂ ಇರಲಿಲ್ಲ. ಅಲ್ಲ, ನನ್ನದೇ ಸರಿ ಅಂತ ಹೇಳಲು ಬಾಯಿ ತೆರೆದಳು. ಯಾವ ಹಾಡಿನಲ್ಲೂ ಒಂದು ಅಕ್ಷರ ಹೆಚ್ಚುಕಡಿಮೆ ಆಗಲು ಬಿಟ್ಟವಳಲ್ಲ ಅವಳು. ಈ ಸಲ ಬಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು, ಮೇಳದವರು ಅಂಗಳದಲ್ಲಿ ಕೂರುತ್ತಿದ್ದ ಹಾಗೆ ಚಕ್ಕಳಮಕ್ಕಳ ಹಾಕಿ ಅವನ ಎದುರು ಕೂತಳು.

“ನನಗ ಬರೂದಿಲ್ರಿ. ಹೇಳಿಕೊಡ್ರಿ,” ಅಂದಳು.

ಅವನು ಒಂದು ಸಾಲು ಹೇಳಿದ, ಅವಳು ತಿರುಗಿ ಹೇಳಿದಳು. ಅವನು ತಲೆಯಾಡಿಸಿ ಹಂಗಲ್ಲ ಅಂದ. ಅವಳು ಮತ್ತೆ ಹೇಳಿದಳು.

“ಓಡ್ಯಾಳ ಅನ್ನೂದು ಇನ್ನಾ ಜಗ್ಗಬೇಕು,” ಅಂದ ಮಲೀಕಸಾಬ. “ಹೊಳಿ ದೂರ ಐತಿ.”

ಹಾಜಿರಾಬೀ ಉಸಿರು ಎಳೆದುಕೊಂಡು, ಆ ಅವ್ವನನ್ನು ಹೊಳೆಯ ಕಡೆಗೆ ಎಷ್ಟು ದೂರ ಓಡಿಸಲು ಆಗುತ್ತದೋ ಅಷ್ಟು ದೂರ ಓಡಿಸಿದಳು.